ಅಳತೆ ಕೊಟ್ಟು ಮಾಡಿಸುವ ಕೋವಿ

ಲಂಡನ್ನಿನ ಮೇಫೇರ್‌ನಲ್ಲಿ, ಸೌತ್ ಆಡ್ಲಿ ಬೀದಿಯಲ್ಲಿ ಪರ್ಡಿ ಎಂಬ ಕೋವಿ ತಯಾರಕರ ಅಂಗಡಿಯಿದೆ. ಕಸುಬು ಶುರುವಾದದ್ದು 1814ರಲ್ಲಿ. ಈಗಿನ ಕಟ್ಟಡಕ್ಕೆ ಬಂದದ್ದು 1880ರ ದಶಕದಲ್ಲಿ. ಹೊಸ ಜೋಡುನಳಿಗೆ ಕೋವಿ ಮಾಡಿಸಬೇಕೆಂದು ಅಲ್ಲಿಗೆ ಹೋದವರು ಮುಂಗಡ ಕಟ್ಟಿ, ಮೈ ಅಳತೆ ಕೊಟ್ಟು, ಮರ ಆರಿಸಿ, ಕೆತ್ತನೆಯ ನಕ್ಷೆಗೆ ಒಪ್ಪಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗಬೇಕು. ಕೋವಿ ಕೈಗೆ ಬರುವುದು ಎರಡು ವರ್ಷದ ಮೇಲೆ. ಕೆತ್ತನೆ ಹೆಚ್ಚಿದ್ದರೆ ಇನ್ನೂ ತಡ. ಬೆಲೆ ಒಂದು ಲಕ್ಷ ಪೌಂಡ್ ದಾಟುತ್ತದೆ. ನಮ್ಮ ಲೆಕ್ಕಕ್ಕೆ ಕೋಟಿ ರೂಪಾಯಿಗೂ ಮೇಲೆ.

ಇಷ್ಟು ದುಡ್ಡು ಸುರಿದು ಕೊಳ್ಳುವುದಾದರೂ ಏನನ್ನು? ಫೋಟೊ ನೋಡಿದವರೆಲ್ಲ ಕೆತ್ತನೆಗೆ ಮರುಳಾಗುತ್ತಾರೆ. ಉಕ್ಕಿನ ಮೇಲೆ ಬಳ್ಳಿ, ಗುಲಾಬಿ, ಹಾರುವ ಕಾಡುಕೋಳಿ, ಮೂಸುತ್ತ ನಿಂತ ನಾಯಿ. ಆದರೆ ಕೋವಿಯೊಂದಕ್ಕೆ ತಗಲುವ ಏಳೆಂಟುನೂರು ಗಂಟೆಗಳ ಕೈಕೆಲಸದಲ್ಲಿ ಬಹುಪಾಲು ಹೋಗುವುದು ಕಣ್ಣಿಗೆ ಬೀಳದ ಕಡೆಗೆ. ಮರದೊಳಗೆ ಹುದುಗಿ ಈಡು ಹಾರಿಸುವ ಲಾಕಿಗೆ, ಕೋವಿ ಮುಚ್ಚಿದರೆ ಮರೆಯಾಗುವ ಕೀಲಿಗೆ, ತೋಟೆ ಕೂರುವ ಗೂಡಿಗೆ. ಒಳ್ಳೆಯ ಕೋವಿಗೆ ಕೆತ್ತನೆಯೇ ಇಲ್ಲದಿದ್ದರೂ ಅದು ಒಳ್ಳೆಯ ಕೋವಿಯೇ. ಕೆಟ್ಟ ಕೋವಿಗೆ ಬಂಗಾರ ಕೂರಿಸಿದರೂ ಅದರ ಹಣೆಬರಹ ಬದಲಾಗುವುದಿಲ್ಲ. ದುಡ್ಡಿರುವ ಗಿರಾಕಿಗೆ ಈ ಮಾತು ಬೇಗ ಅರ್ಥವಾಗುವುದಿಲ್ಲ ಎನ್ನುವುದೇ ಈ ಕಸುಬಿನವರ ಹಳೆಯ ಸಂಕಟ.

ಮೊದಲ ಕೆಲಸ ಅಳತೆ. ಅದಕ್ಕೆಂದೇ ಒಂದು ವಿಚಿತ್ರ ಕೋವಿ ಇಟ್ಟಿರುತ್ತಾರೆ, ಟ್ರೈ ಗನ್ ಅಂತ. ಅದರ ಮರದ ಹಿಡಿಗೆ ಕೀಲುಗಳಿವೆ, ತಿರುಪುಗಳಿವೆ. ಹಿಡಿಯನ್ನು ಉದ್ದ ಮಾಡಬಹುದು, ಗಿಡ್ಡ ಮಾಡಬಹುದು, ಕೆನ್ನೆ ಒರಗುವ ಅಂಚನ್ನು ಏರಿಸಿ ಇಳಿಸಬಹುದು, ಇಡೀ ಹಿಡಿಯನ್ನೇ ಒಂದಿಷ್ಟು ಎಡಕ್ಕೋ ಬಲಕ್ಕೋ ವಾಲಿಸಬಹುದು. ಪರ್ಡಿಯ ಎದುರಾಳಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಇದಕ್ಕಾಗಿಯೇ ಲಂಡನ್ನಿನ ಹೊರವಲಯದ ನಾರ್ತ್‌ವುಡ್‌ನಲ್ಲಿ ಸ್ವಂತ ಶೂಟಿಂಗ್ ಮೈದಾನವಿದೆ. ರವಿಕೆ ಹೊಲಿಯುವವರು ‘ಅಳತೆ ರವಿಕೆ ತಂದಿದ್ದೀರಾ’ ಎಂದು ಕೇಳುವ ಹಾಗೆ ಇಲ್ಲಿಯೂ ಹಳೆಯ ಕೋವಿ ಇದ್ದರೆ ಜೊತೆಗೆ ತನ್ನಿ ಎನ್ನುತ್ತಾರೆ. ಆ ಹಳೆಯದರ ಜೊತೆ ಗಿರಾಕಿ ಎಷ್ಟು ವರ್ಷ ಹೆಣಗಾಡಿದ್ದಾನೆ, ಕತ್ತನ್ನು ಎತ್ತ ತಿರುಚಿ ಹೊಂದಿಸಿಕೊಂಡಿದ್ದಾನೆ ಎಂಬುದೆಲ್ಲ ಅನುಭವಸ್ಥನಿಗೆ ಅದರಿಂದ ತಿಳಿಯುತ್ತದೆ.

ಅಳತೆಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ರೈಫಲ್ಲಿಗೆ ಹಿಂದೊಂದು ಮುಂದೊಂದು ಗುರಿಗುರುತು ಇರುತ್ತದೆ. ಎರಡನ್ನೂ ಸಾಲಾಗಿಸಿದರೆ ಗುಂಡು ಅಲ್ಲಿಗೇ ಹೋಗುತ್ತದೆ. ಚರೆ ಹಾರಿಸುವ ಕೋವಿಗೆ ಇರುವುದು ನಳಿಗೆಯ ತುದಿಯಲ್ಲೊಂದು ಸಣ್ಣ ಮಣಿ ಮಾತ್ರ. ಹಿಂದಿನ ಗುರುತು ಹಾರಿಸುವವನ ಕಣ್ಣೇ. ಹಾರುವ ಹಕ್ಕಿಯನ್ನೋ ತಟ್ಟೆಯನ್ನೋ ನೋಡುತ್ತ ಕೋವಿ ಭುಜಕ್ಕೇರುವಷ್ಟರಲ್ಲಿ ಕಣ್ಣು ನಳಿಗೆಯ ನಡುಗೆರೆಯ ಮೇಲೆ ತಾನಾಗಿ ಬಂದು ನಿಂತಿರಬೇಕು. ಹೊಂದಿಸಿಕೊಳ್ಳುತ್ತ ಕೂರಲು ಹೊತ್ತಿಲ್ಲ. ಕೆನ್ನೆಮೂಳೆ ದಪ್ಪಗಿದ್ದವನಿಗೆ, ಕತ್ತು ಉದ್ದವಿದ್ದವನಿಗೆ, ಎದೆ ಅಗಲವಿದ್ದವನಿಗೆ ಒಂದೇ ಹಿಡಿ ಒಪ್ಪುವುದು ಹೇಗೆ?

ಅಳತೆ ಸರಿಯಿದೆಯೇ ಎಂದು ನೋಡಲು ಸುಣ್ಣ ಬಳಿದ ದೊಡ್ಡ ಕಬ್ಬಿಣದ ತಗಡನ್ನು ಹದಿನಾರು ಗಜ ದೂರದಲ್ಲಿ ನಿಲ್ಲಿಸುತ್ತಾರೆ. ನಡುವೆ ಒಂದು ಗುರುತು. ಗಿರಾಕಿ ಗುರಿ ಹಿಡಿಯಬಾರದು. ಗುರುತನ್ನು ನೋಡುತ್ತ ಕೋವಿ ಎತ್ತಿದ್ದೇ ಹಾರಿಸಬೇಕು. ಮತ್ತೆ, ಮತ್ತೆ. ಚರೆಗಳ ಗುಂಪು ನಡುಗುರುತಿನಿಂದ ಒಂದು ಅಂಗುಲ ಎಡಕ್ಕೆ ಬಿದ್ದರೆ ಹಿಡಿಯನ್ನು ಅಂಗುಲದ ಹದಿನಾರನೇ ಒಂದು ಪಾಲಿನಷ್ಟು ವಾಲಿಸುತ್ತಾರೆ. ಹದಿನಾರೇ ಏಕೆ ಎಂದರೆ, ಕಣ್ಣಿನಿಂದ ನಳಿಗೆಯ ತುದಿಗೆ ಹೆಚ್ಚುಕಡಿಮೆ ಒಂದು ಗಜ, ತಗಡಿಗೆ ಹದಿನಾರು ಗಜ. ಹೈಸ್ಕೂಲಿನ ತ್ರಿಕೋನದ ಲೆಕ್ಕ, ಅಷ್ಟೆ. ಕೆಲವರಿಗೆ ಬಲಗೈ ರೂಢಿಯಿದ್ದರೂ ಎಡಗಣ್ಣು ಯಜಮಾನಿಕೆ ನಡೆಸುತ್ತಿರುತ್ತದೆ. ಹಾಗಿದ್ದವರಿಗೆ ಹಿಂತುದಿ ಬಲಭುಜಕ್ಕೂ ನಳಿಗೆ ಎಡಗಣ್ಣಿನ ಕೆಳಕ್ಕೂ ಬರುವಂತೆ ಹಿಡಿಯನ್ನು ಹಾವಿನ ಹಾಗೆ ಬಳುಕಿಸಿ ಮಾಡಿಕೊಡುವುದೂ ಉಂಟು. ನೋಡಲು ವಕ್ರ. ಅದು ಬೇಕಾದವನಿಗೆ ಮಾತ್ರ ನೇರ.

ತೂಕದ್ದೂ ಒಂದು ಲೆಕ್ಕ. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು.ಡಬ್ಲ್ಯು. ಗ್ರೀನರ್ ಹೇಳಿದ ಸೂತ್ರದ ಪ್ರಕಾರ ಕೋವಿ ತಾನು ಹಾರಿಸುವ ಚರೆಯ 96 ಪಟ್ಟು ತೂಗಬೇಕು. ಒಂದು ಔನ್ಸ್ ಚರೆಗೆ ಆರು ಪೌಂಡಿನ ಕೋವಿ, ಅಂದರೆ ಸುಮಾರು 2.7 ಕಿಲೊ. ಅದಕ್ಕಿಂತ ಹಗುರವಾದರೆ ಹೆಗಲಿಗೆ ಒದೆ, ಭಾರವಾದರೆ ತೋಳಿಗೆ ದಣಿವು.

ಒಲಿಂಪಿಕ್ಸ್‌ನಲ್ಲಿ ಮಣ್ಣಿನ ತಟ್ಟೆ ಹೊಡೆಯುವವರನ್ನು ನೋಡಿದರೆ ಅಳತೆಯ ಮಹಿಮೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಟಲಿಯ ಬ್ರೆಷಾ ಬಳಿಯ ಪೆರಾಜಿ ಕಂಪನಿ 1957ರಿಂದ ಸ್ಪರ್ಧಾಳುಗಳಿಗೆ ಮೈಗೆ ಹೊಂದುವ ಕೋವಿ ಮಾಡಿಕೊಡುತ್ತ ಬಂದಿದೆ. ಆ ಸ್ಪರ್ಧಾಳುಗಳ ಕೋವಿಗಳಲ್ಲಿ ಹೂಬಳ್ಳಿ ಅಪರೂಪ. ಬೆವರಿನ ಕಲೆ ಹಿಡಿದ ಹಿಡಿ, ಗೀರು ಬಿದ್ದ ಉಕ್ಕು. ಅಳತೆ ಮಾತ್ರ ಕೂದಲೆಳೆಯೂ ತಪ್ಪಿರುವುದಿಲ್ಲ. ನಮ್ಮಲ್ಲಿ ಈ ಆಟಕ್ಕೆ ದಾರಿ ಹಾಕಿದವರು ಬಿಕಾನೇರದ ಮಹಾರಾಜ ಕರಣಿ ಸಿಂಗ್. 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು; ದಿಲ್ಲಿಯ ತುಘಲಕಾಬಾದಿನ ಶೂಟಿಂಗ್ ರೇಂಜಿಗೆ ಅವರದೇ ಹೆಸರು. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದೂ ಚರೆ ಕೋವಿಯಲ್ಲೇ.

ಅಳತೆ ಮುಗಿದ ಮೇಲೆ ಕೋವಿ ಹಲವು ಕೈಗಳಿಗೆ ಹಂಚಿಹೋಗುತ್ತದೆ. ನಳಿಗೆಯವನು ನಳಿಗೆ ಮಾತ್ರ ಮಾಡುತ್ತಾನೆ, ಕೋವಿಯನ್ನು ತೆರೆದು ಮುಚ್ಚುವ ಉಕ್ಕಿನ ಭಾಗವಾದ ಆಕ್ಷನ್ ಮಾಡುವವನು ಅದನ್ನು ಮಾತ್ರ, ಮರದವನು ಮರವನ್ನು ಮಾತ್ರ. ಒಬ್ಬೊಬ್ಬರೂ ವರ್ಷಗಟ್ಟಲೆ ಹಿರಿಯನ ಪಕ್ಕದಲ್ಲಿ ನಿಂತು ಕಲಿತವರು. ಪರ್ಡಿ ಕೋವಿಯ ಆಕ್ಷನ್ನಿನ ವಿನ್ಯಾಸ ಇವತ್ತಿಗೂ ಫ್ರೆಡರಿಕ್ ಬೀಸ್ಲಿ ಎಂಬಾತ 1880ರಲ್ಲಿ ಪೇಟೆಂಟ್ ಪಡೆದದ್ದೇ. ಆತ ಅಲ್ಲೇ ಕೆಲಸ ಮಾಡಿ ಹೊರಬಂದವನು. ಪೇಟೆಂಟಿನ ಹಕ್ಕನ್ನು ಹಳೆಯ ಧಣಿಗೇ ಮಾರಿದ. ಕೋವಿಯನ್ನು ಮಡಿಸುವಾಗ ಸ್ಪ್ರಿಂಗಿನಲ್ಲಿ ಉಳಿದ ಬಲವೇ ಅದನ್ನು ತೆರೆಯಲು ನೆರವಾಗುವ ಜಾಣ ಏರ್ಪಾಡು ಅದು. ನೂರನಲವತ್ತು ವರ್ಷವಾದರೂ ಅದಕ್ಕಿಂತ ಒಳ್ಳೆಯದು ಬೇಕೆಂದು ಆ ಮನೆಗೆ ಅನಿಸಿಲ್ಲ. ಎದುರಾಳಿ ಹಾಲೆಂಡ್ ಕಂಪನಿಯನ್ನು 1835ರಲ್ಲಿ ಶುರುಮಾಡಿದ ಹ್ಯಾರಿಸ್ ಹಾಲೆಂಡ್ ಮೂಲತಃ ಹೊಗೆಸೊಪ್ಪಿನ ವ್ಯಾಪಾರಿ. ಈಗ ಆ ಕಂಪನಿ ಇಟಲಿಯ ಬೆರೆಟ್ಟಾ ಒಡೆತನದಲ್ಲಿದೆ; ಪರ್ಡಿ ಸ್ವಿಟ್ಜರ್ಲೆಂಡಿನ ರಿಶ್‌ಮಾಂಟ್ ಕಂಪನಿಯ ಕೈಯಲ್ಲಿದೆ. ಧಣಿಗಳು ಬದಲಾಗಿದ್ದಾರೆ, ಅರ ಹಿಡಿಯುವ ಕೈಗಳ ಕ್ರಮ ಬದಲಾಗಿಲ್ಲ.

ಅರದ ಜೊತೆಗಿನ ಮುಖ್ಯ ಸಾಧನ ಯಾವುದೆಂದು ಕೇಳಿದರೆ ನಗು ಬರಬಹುದು: ದೀಪದ ಮಸಿ. ಎರಡು ಉಕ್ಕಿನ ಭಾಗ ಒಂದಕ್ಕೊಂದು ಕೂರಬೇಕಾದರೆ ಒಂದಕ್ಕೆ ಹೊಗೆಯಾಡುವ ದೀಪದಿಂದ ಮಸಿ ಹಿಡಿಸಿ, ಇನ್ನೊಂದಕ್ಕೆ ಒತ್ತಿ ತೆಗೆಯುತ್ತಾರೆ. ಮಸಿ ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಅರದಿಂದ ಒಂದು ಉಜ್ಜು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಅರ. ಮೈಯೆಲ್ಲ ಒಂದೇ ಸಮ ಮಸಿ ಅಂಟುವವರೆಗೂ ಇದೇ ಪಾಡು. ಹೊಸ ಯಂತ್ರಗಳು ಉಕ್ಕಿನ ದಿಮ್ಮಿಯಿಂದ ಆಕಾರವನ್ನು ಬಹಳ ಹತ್ತಿರಕ್ಕೆ ಕೊರೆದುಕೊಡುತ್ತವೆ. ಕೊನೆಯ ಆ ಮಸಿಯಷ್ಟು ದಪ್ಪದ ಕೆಲಸ ಕೈಗೇ ಉಳಿದಿದೆ. ನಳಿಗೆಯನ್ನು ಬೆರಳಿಗೆ ತೂಗುಹಾಕಿ ತಟ್ಟಿದರೆ ಗಂಟೆಯ ನಾದ ಬರಬೇಕು. ಬೆಸುಗೆಯಲ್ಲಿ ಎಲ್ಲೋ ಸಡಿಲವಿದ್ದರೆ ನಾದ ಒಡೆಯುತ್ತದೆ.

ನಳಿಗೆಯ ಅಳತೆ ಹೇಳುವ 12 ಬೋರ್ ಎಂಬ ಹೆಸರಿನ ಲೆಕ್ಕ ನಮ್ಮ ಮಲೆನಾಡಿನ ಕೋವಿಯವರಿಗೂ ಗೊತ್ತಿರಲಿಕ್ಕಿಲ್ಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟು ಆ ನಳಿಗೆಯ ಬಾಯಿ, ಸುಮಾರು 18.5 ಮಿಲಿಮೀಟರ್. ಆ ನಳಿಗೆ ಎಷ್ಟು ಒತ್ತಡ ತಡೆಯುತ್ತದೆಂದು ನೋಡಲು ಅರೆಬರೆ ಕೋವಿಯನ್ನು ಪರೀಕ್ಷಾಲಯಕ್ಕೆ ಕಳಿಸುತ್ತಾರೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜಾಜ್ಞೆ ಸಿಕ್ಕಿದ್ದು 1637ರಲ್ಲಿ. ವೈಟ್‌ಚಾಪೆಲ್‌ನಲ್ಲಿ ಅವರ ಪರೀಕ್ಷಾಲಯ ಇಂದಿಗೂ ನಡೆಯುತ್ತಿದೆ. ಮಾಮೂಲಿಗಿಂತ ಬಿರುಸಾದ ತೋಟೆ ಹಾಕಿ ಹಾರಿಸಿ, ತಾಳಿದರೆ ನಳಿಗೆಯ ಅಡಿಯಲ್ಲಿ ಮುದ್ರೆ ಒತ್ತುತ್ತಾರೆ. ಮುದ್ರೆಯಿಲ್ಲದ ಕೋವಿಯನ್ನು ಬ್ರಿಟನ್ನಿನಲ್ಲಿ ಮಾರುವುದು ಅಪರಾಧ. ಈ ಮುದ್ರೆಯ ಮಾತು ಮುಂದೆ ನಮಗೇ ಬೇಕಾಗುತ್ತದೆ.

ಇನ್ನು ಮರ. ಗಿರಾಕಿಗೆ ಇಡೀ ವ್ಯವಹಾರದಲ್ಲಿ ಹಬ್ಬದ ದಿನವೆಂದರೆ ಮರ ಆರಿಸುವ ದಿನ. ದಪ್ಪ ಹಲಗೆಗಳನ್ನು ಸಾಲಾಗಿ ಇಟ್ಟು, ಬಟ್ಟೆ ಒದ್ದೆ ಮಾಡಿ ಒರೆಸುತ್ತಾರೆ. ಬೂದುಬಣ್ಣದ ಹಲಗೆಯೊಳಗಿಂದ ಜೇನುಬಣ್ಣ, ಕಾಫಿಬಣ್ಣ, ಅದರ ನಡುವೆ ಕಪ್ಪು ಗೆರೆಗಳು ಎದ್ದುಬರುತ್ತವೆ. ಮರ ಯಾವಾಗಲೂ ಅಕ್ರೋಟೇ. ತೇಗ ಬಿರುಸಾದರೂ ಅಷ್ಟು ನಯಕ್ಕೆ ಒಗ್ಗದು, ಬೀಟೆ ಚೆಲುವಾದರೂ ಭಾರ. ಅಕ್ರೋಟು ಹಗುರ, ಹೊಡೆತ ತಾಳುತ್ತದೆ, ಸೀಳುವುದು ಕಡಿಮೆ, ಎಷ್ಟು ಸಣ್ಣ ಗೆರೆ ಕೊರೆದರೂ ಅಂಚು ಉದುರುವುದಿಲ್ಲ. ಒಳ್ಳೆಯ ಮಾಲು ಹೆಚ್ಚಾಗಿ ಟರ್ಕಿಯಿಂದ ಬರುತ್ತದೆ. ತಲೆಮಾರುಗಳ ಕಾಲ ಕಾಯಿ ಕೊಟ್ಟು ಮುದಿಯಾದ ಮರಗಳನ್ನು ಬುಡಕ್ಕೆ ಕಡಿಯುವುದಿಲ್ಲ, ಬೇರುಸಮೇತ ಅಗೆದು ತೆಗೆಯುತ್ತಾರೆ. ಕಾಂಡ ಬೇರಿಗೆ ಸೇರುವ ಕಡೆಯಲ್ಲೇ ನಾರುಗಳು ಸುತ್ತಿ ಹೆಣೆದು ಚಿತ್ತಾರವಾಗಿರುತ್ತವೆ. ಕೊಯ್ದ ಹಲಗೆಯ ತುದಿಗಳಿಗೆ ಮೇಣ ಬಳಿದು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಅವಸರಕ್ಕೆ ಒಣಗಿಸಿದ ಮರ ಮುಂದೊಂದು ದಿನ ಸೊಟ್ಟಗಾಗಿ ಸೇಡು ತೀರಿಸಿಕೊಳ್ಳುತ್ತದೆ.

ಗಿರಾಕಿ ಎಡವುವುದೂ ಇಲ್ಲೇ. ಹಲಗೆಯ ತುಂಬ ಚಿತ್ತಾರವಿರುವುದನ್ನೇ ಬೆರಳು ಮಾಡಿ ತೋರಿಸುತ್ತಾನೆ. ಮರದ ಕೆಲಸದವನು ತಲೆಯಾಡಿಸುತ್ತಾನೆ. ಚಿತ್ತಾರ ಇರಬೇಕಾದದ್ದು ಭುಜಕ್ಕೊರಗುವ ಅಗಲ ಭಾಗದಲ್ಲಿ. ಅಂಗೈ ಹಿಡಿಯುವ ಕುತ್ತಿಗೆಯಲ್ಲಿ ನಾರು ಗೆರೆ ಎಳೆದಂತೆ ನೇರ ಹರಿದಿರಬೇಕು; ಏಕೆಂದರೆ ಪ್ರತಿ ಈಡಿನ ಒದೆಯನ್ನೂ ತಾಳುವುದು ಆ ಹೆಬ್ಬೆರಳ ದಪ್ಪದ ಜಾಗ. ಇವೆರಡೂ ಒಂದೇ ಹಲಗೆಯಲ್ಲಿ ಸರಿಯಾದ ಜಾಗದಲ್ಲಿ ಕೂಡಿಬರುವುದು ಅಪರೂಪ. ಅಂಥ ಹಲಗೆಯೊಂದಕ್ಕೇ ಸಾವಿರಾರು ಪೌಂಡ್ ಬೆಲೆ. ಜೋಡಿ ಕೋವಿ ಮಾಡಿಸುವವರಿಗೆ ಒಂದೇ ಮರದ ಅಕ್ಕಪಕ್ಕದ ಎರಡು ಹಲಗೆ ಬೇಕು. ಇಷ್ಟಾಗಿಯೂ ವಾರಗಟ್ಟಲೆ ಕೊರೆದ ಮೇಲೆ ಒಳಗಿಂದ ಗಂಟೋ ಬಿರುಕೋ ಕಾಣಿಸಿಕೊಂಡರೆ ಆ ಮರ ಸೌದೆಗೆ. ಮೊದಲಿಂದ ಶುರು.

ಲಾಕು ಕೂರುವ ಗೂಡನ್ನು ಮರದಲ್ಲಿ ಉಳಿಯಿಂದ ಕೊರೆಯುವಾಗಲೂ ಅದೇ ಮಸಿಯ ಆಟ. ಉಕ್ಕಿಗೂ ಮರಕ್ಕೂ ನಡುವೆ ಕಾಗದ ತೂರಬಾರದು. ಆಮೇಲೆ ಕೈಜಾರದಂತೆ ಹಿಡಿಯ ಮೇಲೆ ಓರೆಗೆರೆಗಳ ಜಾಲ: ಅಂಗುಲಕ್ಕೆ 24ರಿಂದ 32 ಗೆರೆ, ಒಂದೊಂದನ್ನೂ ಕೈಯಿಂದಲೇ ಕೊರೆದದ್ದು, ಎರಡು ಗೆರೆ ಕೂಡಿದಲ್ಲೊಂದು ಪುಟ್ಟ ವಜ್ರದಾಕಾರದ ಮೊನೆ. ಕೊನೆಗೆ ಎಣ್ಣೆ. ವಾರ್ನಿಷ್ ಅಲ್ಲ, ಅಗಸೆ ಎಣ್ಣೆ. ಅದನ್ನು ಅಂಗೈಯಲ್ಲಿ ತಿಕ್ಕುತ್ತ, ಒಣಗಲು ಬಿಡುತ್ತ, ಮತ್ತೆ ತಿಕ್ಕುತ್ತ ವಾರಗಳು ಕಳೆಯುತ್ತವೆ. ಎಣ್ಣೆಗೆ ಕೆಂಪು ಬರಲು ಆಲ್ಕನೆಟ್ ಎಂಬ ಬೇರನ್ನು ನೆನೆಹಾಕುತ್ತಾರೆ. ಅದರ ಬಳಗದ ಬೇರೇ ನಮ್ಮಲ್ಲಿ ರತನ್‌ಜೋತ್. ಕಾಶ್ಮೀರಿಗಳು ರೋಗನ್ ಜೋಶ್‌ಗೆ ಕೆಂಪೇರಿಸುವುದು ಅದರಿಂದಲೇ. ಪ್ರತಿ ಅಂಗಡಿಗೂ ಎಣ್ಣೆಯ ಸ್ವಂತ ಪಾಕವಿದೆ, ಯಾರೂ ಬಾಯಿಬಿಡುವುದಿಲ್ಲ. ನಮ್ಮ ಉಪ್ಪಿನಕಾಯಿಯವರೂ ಅಷ್ಟೆ, ಬಿಡಿ.

ಈಗ ಕೋವಿ ಬೆತ್ತಲೆ ಉಕ್ಕಿನ ಬಿಳುಪಿನಲ್ಲಿ ಕೆತ್ತನೆಯವನ ಕೈಗೆ ಬರುತ್ತದೆ. ಕೆಲಸದ ರೀತಿ ಎರಡು. ಒಂದು, ಪುಟ್ಟ ಸುತ್ತಿಗೆಯಿಂದ ಚಾಣವನ್ನು ಬಡಿಯುತ್ತ ಆಳವಾದ ಬಳ್ಳಿ ಬಿಡಿಸುವುದು. ಇನ್ನೊಂದು, ಮೊನೆಯುಳಿಯನ್ನು ಅಂಗೈಯಿಂದ ಒತ್ತುತ್ತ ಕೂದಲಿಗಿಂತ ಸಣ್ಣ ಗೆರೆ ಎಳೆಯುವುದು. ಲಂಡನ್ನಿನ ಹಳೆಯ ಮನೆಗಳು ಮೊದಲಿನಿಂದ ನೆಚ್ಚಿದ್ದು ಸಣ್ಣಸಣ್ಣ ಸುರುಳಿಬಳ್ಳಿ, ನಡುನಡುವೆ ಗುಲಾಬಿ ಗೊಂಚಲು. ಸೊಗಸಿಗಷ್ಟೇ ಅಲ್ಲ, ಬಯಲಲ್ಲಿ ನಯವಾದ ಉಕ್ಕು ಬಿಸಿಲಿಗೆ ಫಳಕ್ಕೆಂದರೆ ಹಕ್ಕಿ ದಾರಿ ಬದಲಿಸುತ್ತದೆ, ಬಳ್ಳಿಯ ಗೆರೆಗಳು ಆ ಹೊಳಪನ್ನು ಒಡೆಯುತ್ತವೆ. ಕೀಲುಗಳ ಸಂದುಗಳೂ ಬಳ್ಳಿಯೊಳಗೆ ಮರೆಯಾಗುತ್ತವೆ.

ತಿರುಪುಗಳನ್ನು ನೋಡಬೇಕು. ಪ್ರತಿ ತಿರುಪಿನ ತಲೆಯ ಸೀಳೂ ನಳಿಗೆಯ ನೇರಕ್ಕೇ ನಿಂತಿರುತ್ತದೆ, ಒಂದೂ ಓರೆಯಿರುವುದಿಲ್ಲ. ಬಿಗಿಯಾಗಿ ಕೂತಾಗ ಸೀಳು ಅಲ್ಲಿಗೇ ಬರುವಂತೆ ಲೆಕ್ಕಹಾಕಿ ಅರೆದಿರುತ್ತಾರೆ. ಬಳ್ಳಿ ಆ ತಲೆಯ ಮೇಲೆಯೂ ಹಾದುಹೋಗುತ್ತದೆ. ಅರ್ಧ ಸುತ್ತು ಹೆಚ್ಚುಕಡಿಮೆಯಾದರೆ ಎಲೆಯೊಂದು ತುಂಡಾಗಿ ಕಾಣುತ್ತದೆ. ಸೀಳು ಎಷ್ಟು ಕಿರಿದೆಂದರೆ ಬಜಾರಿನ ಸ್ಕ್ರೂಡ್ರೈವರ್ ಅದರೊಳಕ್ಕೆ ಇಳಿಯುವುದೇ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕೋವಿಯ ಜಾತಕ ನೋಡಲು ಈ ತಿರುಪುಗಳೇ ಸಾಕು.

ಮೊನೆಯುಳಿ ಒತ್ತಿ ಗೆರೆ ಎಳೆಯುವ ಎರಡನೆಯ ರೀತಿಯ ಕೆತ್ತನೆಗೆ ಹೆಸರಾದ ಊರು ಇಟಲಿಯ ವಾಲ್ ಟ್ರೋಂಪಿಯಾ ಕಣಿವೆಯ ಗಾರ್ಡೋನೆ. ಅಲ್ಲಿನ ಬೆರೆಟ್ಟಾ ಮನೆತನದ ದಾಖಲೆ 1526ಕ್ಕೆ ಹೋಗುತ್ತದೆ; ಆ ವರ್ಷ ವೆನಿಸ್‌ನ ಆಯುಧಾಗಾರ 185 ನಳಿಗೆಗಳಿಗೆ 296 ಡ್ಯೂಕಟ್ ಕೊಟ್ಟ ಲೆಕ್ಕವಿದೆ. ಈ ಸೀಮೆಯ ಕೆತ್ತನೆಗಾರರು ಬುಲಿನೋ ಎಂಬ ಕ್ರಮವನ್ನು ಬೆಳೆಸಿದರು. ಭೂತಗನ್ನಡಿಯ ಕೆಳಗೆ ಚುಕ್ಕಿ, ಚುಕ್ಕಿ, ಸಾವಿರಗಟ್ಟಲೆ ಚುಕ್ಕಿ ಮತ್ತು ಎಳೆಗೆರೆ. ದಟ್ಟವಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ನೋಟಿನ ಮೇಲಿನ ಮುಖಗಳನ್ನು ಉಕ್ಕಿನ ಅಚ್ಚಿನಲ್ಲಿ ಕೊರೆದದ್ದೂ ಇದೇ ಬಗೆಯ ಉಳಿಯಿಂದ. ಫಿರ್ಮೋ ಫ್ರಕಾಸಿ ಎಂಬ ಕೆತ್ತನೆಗಾರ ಈ ಕಲೆಯನ್ನು ಎಲ್ಲಿಗೆ ಒಯ್ದರೆಂದರೆ ಹಕ್ಕಿಯ ಪುಕ್ಕದ ಎಳೆಎಳೆಯೂ ಉಕ್ಕಿನಲ್ಲಿ ಮೆತ್ತಗೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಹೆಸರು ಪರ್ಡಿಯಲ್ಲಿ ಕೆಲಸ ಕಲಿತ ಕೆನ್ ಹಂಟ್. ಅಮೆರಿಕದಲ್ಲೂ ಒಬ್ಬ ಹೆಸರಾಂತ ಕೋವಿ ಕೆತ್ತನೆಗಾರರಿದ್ದಾರೆ, ಹೆಸರು ವಿನ್‌ಸ್ಟನ್ ಚರ್ಚಿಲ್! ಆ ಚರ್ಚಿಲ್‌ಗೂ ಈ ಚರ್ಚಿಲ್‌ಗೂ ಗೊಂದಲ ಬೇಡ.

ಬುಲಿನೋ ನೋಡಿ ಮೂಕನಾದರೂ ನನ್ನ ಮತ ಲಂಡನ್ನಿನ ಬಳ್ಳಿಗೇ. ಅಷ್ಟು ತೆಳುವಾದ ಚುಕ್ಕಿಗಳು ಕೈಬೆವರಿಗೆ, ಒರೆಸುವ ಬಟ್ಟೆಗೆ ವರ್ಷ ಕಳೆದಂತೆ ಸವೆಯುತ್ತವೆ. ಆದ್ದರಿಂದ ಅಂಥ ಕೋವಿ ಕಪಾಟಿನಿಂದ ಹೊರಬರುವುದೇ ಇಲ್ಲ. ಕೋವಿ ಹೋಗಿ ಪಟವಾಗುತ್ತದೆ. ಆಳವಾದ ಬಳ್ಳಿ ಮೊಮ್ಮಗನ ಕಾಲಕ್ಕೂ ಬಳ್ಳಿಯೇ. ಬಂಗಾರದ ವಿಷಯದಲ್ಲಂತೂ ಗಿರಾಕಿಗಳಿಗೆ ಕಡಿವಾಣವೇ ಇಲ್ಲ. ಉಕ್ಕಿನಲ್ಲಿ ಒಳಗೆ ಅಗಲ, ಬಾಯಿ ಕಿರಿದಾದ ಕಾಲುವೆ ತೋಡಿ ಬಂಗಾರದ ತಂತಿ ಬಡಿದು ಕೂರಿಸುತ್ತಾರೆ. ಬಿದರಿ ಪಾತ್ರೆಗೆ ಬೆಳ್ಳಿ ತಂತಿ ಬಡಿಯುವ ಬೀದರ್‌ನವರಿಗೆ ಈ ಕೈಚಳಕದ ಗುಟ್ಟು ಹೇಳಿಕೊಡಬೇಕಿಲ್ಲ. ಜೋಡಿ ಕೋವಿಗಳಲ್ಲಿ 1, 2 ಎಂಬ ಅಂಕಿಗಳನ್ನು ಬಂಗಾರದಲ್ಲಿ ಬರೆಯುವುದು ರೂಢಿ, ಅದು ಚಂದ. ಹಿಡಿಯ ಅಡಿಯಲ್ಲಿ ಯಜಮಾನನ ಮೊದಲಕ್ಷರಕ್ಕೆ ಪುಟ್ಟ ಮೊಟ್ಟೆಯಾಕಾರದ ಬಂಗಾರದ ತುಣುಕು, ಅದೂ ಸರಿ. ಹಕ್ಕಿ ಹೊಡೆಯುವ ಕೋವಿಯ ಮೇಲೆ ಬಂಗಾರದ ಹುಲಿ ಗರ್ಜಿಸುವುದು ಏತಕ್ಕೆ ಎಂದು ಮಾತ್ರ ನನಗೆ ತಿಳಿಯುವುದಿಲ್ಲ.

ಕೆತ್ತನೆ ಮುಗಿದ ಮೇಲೆ ಎಲ್ಲರ ಎದೆ ಡವಗುಟ್ಟುವ ಗಳಿಗೆ ಬರುತ್ತದೆ. ಉಕ್ಕಿನ ಮೈ ಗಟ್ಟಿಯಾಗಲು ಬಿಡಿಭಾಗಗಳನ್ನು ಮೂಳೆಯ ಇದ್ದಿಲಿನಲ್ಲಿ ಹೂತು ಕೆಂಪಗೆ ಕಾಯಿಸಿ ನೀರಿಗೆ ಬಿಡುತ್ತಾರೆ. ನೀಲಿ, ಕಂದು, ಬೂದು ಬಣ್ಣಗಳು ಮೋಡದಂತೆ ಹರಡುತ್ತವೆ. ಎರಡು ಕೋವಿಗೆ ಒಂದೇ ಥರ ಬರುವುದಿಲ್ಲ. ಕಾದು ತಣಿಯುವಾಗ ಉಕ್ಕು ಎಳ್ಳಷ್ಟು ಸೊಟ್ಟಗಾದರೂ ಆವರೆಗಿನ ಮಸಿ-ಅರದ ಹೊಂದಾಣಿಕೆ ಕೆಡುತ್ತದೆ. ತಿಂಗಳುಗಟ್ಟಲೆ ಕೆತ್ತಿದ್ದನ್ನು ಬೆಂಕಿಗೆ ಹಾಕಲು ಗಟ್ಟಿ ಗುಂಡಿಗೆ ಬೇಕು.

ಲಂಡನ್ನಿನ ಈ ಮನೆಗಳ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಭಾರತದ ರಾಜಮಹಾರಾಜರ ಹೆಸರುಗಳಿಗೆ ಕೊರತೆಯಿಲ್ಲ. ಪಂಜಾಬಿನ ಗದ್ದುಗೆ ಕಳೆದುಕೊಂಡು ಇಂಗ್ಲೆಂಡಿನಲ್ಲಿ ನೆಲೆಸಿದ ದುಲೀಪ್ ಸಿಂಗ್ ಪರ್ಡಿಯ ಗಿರಾಕಿ. ಸಫೋಕ್‌ನ ಎಲ್ವೆಡನ್ ಎಸ್ಟೇಟಿನಲ್ಲಿ ಒಂದೇ ದಿನ ಏಳುನೂರಕ್ಕೂ ಹೆಚ್ಚು ಕೌಜುಗಗಳನ್ನು ಹೊಡೆದುರುಳಿಸಿದ ಖ್ಯಾತಿ ಆತನದು. ಖ್ಯಾತಿಯೋ, ರಾಜ್ಯ ಹೋದವನ ಕಾಲಹರಣವೋ.

ಆದರೆ ಕೇಳಿ ಮಾಡಿಸಿದ ಚಿತ್ತಾರದ ಕೋವಿ ನೋಡಲು ಕನ್ನಡಿಗರು ಮೇಫೇರ್‌ಗೆ ಹೋಗಬೇಕಿಲ್ಲ ಎಂದು ಹೇಳಬಹುದಿತ್ತು, ಅವು ಇಲ್ಲೇ ಉಳಿದಿದ್ದರೆ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಫ್ರೆಂಚ್ ಕುಶಲಿಗರ ನೆರವಿನೊಂದಿಗೆ ಆದ ಚಕಮಕಿ ಕೋವಿಗಳು ಆ ಕಾಲದ ಯಾವ ಯುರೋಪಿನ ಕೋವಿಗೂ ತಲೆಬಾಗಬೇಕಿರಲಿಲ್ಲ. ಚಕಮಕಿ ಕಲ್ಲು ಹಿಡಿದ ಕುದುರೆಗೆ ಹುಲಿಯ ಆಕಾರ, ನಳಿಗೆಯ ಮೇಲೆ ಹುಲಿಪಟ್ಟೆ, ಬೆಳ್ಳಿ-ಬಂಗಾರದ ಕುಸುರಿ, ಹೈದರನ ಹೆಸರಿನ ಮುದ್ರೆ, ಮಾಡಿದವನ ಸಹಿ, ಜೊತೆಗೆ ಪಟ್ಟಣವೆಂದು ಊರಿನ ಗುರುತು. ಅಲ್ಲಿ ಹುಲಿಗೆ ಅರ್ಥವಿತ್ತು. ಅದು ಆತನ ರಾಜಲಾಂಛನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಯಾಗಿ ಹೋದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೊನ್ಹಾಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸೇರಿದ ಕತ್ತಿ, ಕೋವಿ, ಫಿರಂಗಿಗಳೆಲ್ಲ ಸೇರಿ 60 ಲಕ್ಷ ಪೌಂಡ್ ದಾಟಿದವು.

ಇವತ್ತು ನಮ್ಮಲ್ಲೊಬ್ಬರು ಇಂಥ ಕೋವಿ ಮಾಡಿಸಬೇಕೆಂದರೆ? ಸಾಮಾನ್ಯ ಪರವಾನಗಿದಾರ ಹೊರದೇಶದಿಂದ ತರಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಹೆಸರಾಂತ ಶೂಟರ್‌ಗಳಿಗಷ್ಟೇ ಆ ಬಾಗಿಲು ತೆರೆಯುತ್ತದೆ. ಬೇಟೆಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಗಿಸಿದೆ, ಅದು ಒಳ್ಳೆಯದೇ ಆಯಿತು. ಉಳಿದದ್ದು ಬೆಳೆ ರಕ್ಷಣೆ, ಕ್ರೀಡೆ, ಆತ್ಮರಕ್ಷಣೆ, ಮತ್ತು ಮನೆತನದ ಮಾನ. ದೇಶದೊಳಗೆ ಕೈಕೆತ್ತನೆಯ ಕೋವಿಗೆ ಹೆಸರಾದ ಊರು ಶ್ರೀನಗರ. ಅಲ್ಲಿನ ರೈನಾವಾರಿಯಲ್ಲಿ ಕೋವಿ ಕಮ್ಮಾರರ ಬಂದೂಕ್ ಖಾರ್ ಮೊಹಲ್ಲಾ ಎಂಬ ಕೇರಿಯೇ ಇದೆ. ಕಾಶ್ಮೀರದ ಅಕ್ರೋಟಿನ ಹಿಡಿ, ಉಕ್ಕಿನ ಮೇಲೆ ಎಲೆಬಳ್ಳಿ, ಹಕ್ಕಿಗಳು. ಹಿಂದೆ ಹಲವು ಮನೆಗಳಿದ್ದವು, ಈಗ ಬೆರಳೆಣಿಕೆಯಷ್ಟು. ಎಷ್ಟು ಕೋವಿ ಮಾಡಬಹುದೆಂದು ಸರಕಾರದ ಮಿತಿ, ಅಕ್ರೋಟು ಮರ ಕಡಿಯಲೂ ಕಾನೂನಿನ ಅನುಮತಿ, ಕಲಿಯಲು ಬರುವ ಹುಡುಗರೂ ಕಡಿಮೆ. ಪರ್ಡಿಯ ನಯ ಅವಕ್ಕಿಲ್ಲ, ನಿಜ. ಆದರೆ ದುಡಿದ ಕೈ ಕಾಣುವ ಕೋವಿ ಬೇಕೆನ್ನುವ ಪರವಾನಗಿದಾರರು ಮೊದಲು ಅತ್ತ ನೋಡಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ; ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ ಸಾಲಾಗಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಗೌರಿ ಹೂ ಸಿಗಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಆ ಸಾಲಿನಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಅಥವಾ ಬೆಲ್ಜಿಯಂ ಜೋಡುನಳಿಗೆಯೊಂದು ಇರುವುದು ಅಪರೂಪವಲ್ಲ. ಮಲೆನಾಡಿನ, ಕರಾವಳಿಯ ಹಳೆಯ ತೋಟದ ಮನೆಗಳಲ್ಲೂ ಇವೆ. ಲೈಸೆನ್ಸ್ ಪುಸ್ತಕದಲ್ಲಿ ಬರಿಯ ‘ಡಿಬಿಬಿಎಲ್’, ಅಂದರೆ ಜೋಡುನಳಿಗೆ; ಚುನಾವಣೆ ಬಂದಾಗ ಕಂಬಳಿ ಸುತ್ತಿಕೊಂಡು ಠಾಣೆಗೆ ಹೋಗಿಬರುತ್ತವೆ.

ಅಂಥ ಕೋವಿ ನಿಮ್ಮ ಮನೆಯಲ್ಲಿದ್ದರೆ ಕೆಲವು ಮಾತು. ಮೊದಲು ಮಡಿಸಿ, ಒಳಗೆ ತೋಟೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ನಳಿಗೆ ಬಿಚ್ಚಿ ಅಡಿಯ ಮುದ್ರೆ ನೋಡಿ. ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ ಅಕ್ಷರಗಳಿದ್ದರೆ ಬೆಲ್ಜಿಯಂನ ಲಿಯೇಜ್ ಪರೀಕ್ಷಾಲಯದ್ದು. ಕಿರೀಟದ ಜೊತೆಗೆ ಬಿ-ಎನ್-ಪಿ ಇದ್ದರೆ ಬರ್ಮಿಂಗ್‌ಹ್ಯಾಮಿನದು. ನಳಿಗೆಯ ಮೈಯಲ್ಲಿ ಹೆಣೆದಂತೆ ಸುರುಳಿ ಚಿತ್ತಾರವಿದ್ದರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆ. ಅದರಲ್ಲಿ ಇಂದಿನ ತೋಟೆ ಹಾರಿಸಬೇಡಿ. ಹಳೆಯ ಇಂಗ್ಲಿಷ್ ಕೋವಿಗಳ ತೋಟೆಗೂಡು ಎರಡೂವರೆ ಅಂಗುಲದ್ದು. ಈಗಿನ ತೋಟೆಗಳಲ್ಲಿ ಬಹುಪಾಲು ಎರಡೂಮುಕ್ಕಾಲು. ಖಾಲಿಯಾದ ತೋಟೆ ಬಿಚ್ಚಿಕೊಳ್ಳುವಾಗ ಜಾಗ ಸಾಲದೆ ಒತ್ತಡ ಏರುತ್ತದೆ. ತಿಳಿದ ಕೋವಿ ಕೆಲಸದವರಿಗೆ ತೋರಿಸದೆ ಏನೂ ಹಾಕಬೇಡಿ. ಎಮರಿ ಕಾಗದದಿಂದ ಉಜ್ಜಿ ಹೊಸದು ಮಾಡಿಕೊಡುತ್ತೇನೆಂದು ಬರುವವರಿಗೆ ಕೊಡಬೇಡಿ. ಒಂದು ಮಧ್ಯಾಹ್ನದಲ್ಲಿ ನೂರು ವರ್ಷದ ಬಳ್ಳಿ ಅಳಿಸಿಹೋಗುತ್ತದೆ. ಮರಕ್ಕೆ ವಾರ್ನಿಷ್ ಬೇಡ. ತಿರುಪುಗಳನ್ನು ಮನೆಯ ಸ್ಕ್ರೂಡ್ರೈವರಿನಿಂದ ಮುಟ್ಟಬೇಡಿ. ಎಣ್ಣೆ ಹಾಕಿ ಒರೆಸಿದ ಮೇಲೆ ಕಪಾಟಿನಲ್ಲಿ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ. ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿದು ಲಾಕು ಕೂತ ಕಡೆ ಮರವನ್ನು ಮೆತ್ತಗೆ ಮಾಡುತ್ತದೆ.